ಟ್ಯಾಗ್ಡ್ ಕೊಟ್ರೂ ಕ್ಯಾಮೆರಾ ಆಫೀಸ್ ನೆಟ್‌ವರ್ಕ್ ಬಿಡವಲ್ದು

ಪ್ರಶ್ನೆ: ಸರ, ಬೆಟಗೇರಿಯೊಳಗ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್ ಐತ್ರಿ. 8 ಪೋರ್ಟಿನ ಸ್ಮಾರ್ಟ್ ಸ್ವಿಚ್ ತಂದೇವಿ. 1ಕ್ಕ ರೂಟರ್, 2ರಿಂದ 5ಕ್ಕ ಡಿಸೈನ್ ಕಂಪ್ಯೂಟರ್, 6, 7ಕ್ಕ ಕ್ಯಾಮೆರಾ. ಕ್ಯಾಮೆರಾ ಬ್ಯಾರೆ ಇರ್ಲಿ ಅಂತ ವಿಎಲ್ಯಾನ್ 20 (ಅದ ಸ್ವಿಚ್ಚಿನ್ಯಾಗ ಬ್ಯಾರೆ ಮಾಡಿದ ನೆಟ್‌ವರ್ಕ್) ಮಾಡಿ 6, 7ಕ್ಕ ಟ್ಯಾಗ್ಡ್ ಕೊಟ್ಟೇನಿ, ಆದ್ರೂ ಅವಕ್ಕ ಆಫೀಸಿನ 192.168.1 ಅಡ್ರೆಸ್ಸ ಬರಾಕತ್ತೈತಿ. ಸ್ವಿಚ್ ಕೆಟ್ಟೈತೇನ್ರಿ?

ಉತ್ತರ: ಕೆಟ್ಟಿಲ್ರಿ, ನೀವು ಹೇಳಿದ್ದನ್ನ ಮಾಡೈತಿ. ನಿಮ್ಮ ಪ್ರೆಸ್ಸಿನ್ಯಾಗ ಕಟಿಂಗಿನಿಂದ ಬೈಂಡಿಂಗಿಗೆ ಬಂಡಲ್ ಕಳಸುವಾಗ ಯಾರ ಕೆಲಸ ಅಂತ ಮ್ಯಾಲೊಂದು ಚೀಟಿ ಇಡ್ತೀರಲ್ರಿ, ಗಿರಾಕಿಗೆ ಕೊಡುವಾಗ ಅದನ್ನ ಕಿತ್ತ ಒಗೀತೀರಿ, ಅವಗ್ಯಾಕ ಬೇಕು ಅದು? ಟ್ಯಾಗ್ ಅಂದ್ರ ಆ ಚೀಟಿನ. ವಿಎಲ್ಯಾನಿಗೆ ಇರೋ 802.1ಕ್ಯೂ ಅನ್ನೋ ನಿಯಮದ ಪ್ರಕಾರ ಫ್ರೇಮಿನ್ಯಾಗ, ಅಂದ್ರ ವೈರಿನ್ಯಾಗ ಹೋಗೋ ಮಾಹಿತಿ ಬಂಡಲ್ಲಿನ್ಯಾಗ, 4 ಬೈಟ್ ಸೇರತೈತಿ, ಅದರಾಗ 12 ಬಿಟ್ ವಿಎಲ್ಯಾನ್ ನಂಬರಿಗೆ, ಹಿಂಗಾಗಿ 1ರಿಂದ 4094ರ ತನಕ ನಂಬರ್ ಕೊಡಬಹುದು. ರೂಟರ್, ಇನ್ನೊಂದು ಸ್ವಿಚ್ ಇಂಥವಕ್ಕ ಚೀಟಿ ಓದಾಕ ಬರತೈತಿ, ನಿಮ್ಮ ಕ್ಯಾಮೆರಾ ಮಾತ್ರ ಚೀಟಿ ಇಲ್ದನ ಮಾಲು ಕಳಸತೈತಿ.

ಚೀಟಿ ಇಲ್ದ ಒಳಗ ಬಂದಿದ್ದು ಯಾವ ವಿಎಲ್ಯಾನಿಗೆ ಹೋಗಬೇಕು ಅನ್ನೋದನ್ನ ಪೋರ್ಟಿಗೆ ಕೊಡೋ ಪಿವಿಐಡಿ ಅನ್ನೋ ನಂಬರ್ ಹೇಳತೈತಿ. ನಿಮ್ಮದು ಇನ್ನೂ 1ರಾಗ ಐತಿ, ಜೊತಿಗೆ ಆ ಪೋರ್ಟುಗಳು ವಿಎಲ್ಯಾನ್ 1ರಾಗ ಅನ್‌ಟ್ಯಾಗ್ಡ್ (ಚೀಟಿ ಇಲ್ದ) ಹಂಗ ಉಳದಾವ, ಅದಕ್ಕ ಕ್ಯಾಮೆರಾ ಅಡ್ರೆಸ್ ಕೇಳಿದ್ದು ಸೀದಾ ಆಫೀಸ್ ನೆಟ್‌ವರ್ಕಿಗೆ ಹೋತು. ಭಾಳ ಸ್ವಿಚ್ಚಿನ್ಯಾಗ ಪಿವಿಐಡಿ ಪೇಜ್ ಬ್ಯಾರೆನ ಇರತೈತಿ, ಯಾರೂ ಅತ್ಲಾಗ ಹಾಯೂದ ಇಲ್ಲ.

6, 7ಕ್ಕ ವಿಎಲ್ಯಾನ್ 20 ಅನ್‌ಟ್ಯಾಗ್ಡ್ ಮಾಡ್ರಿ, ಪಿವಿಐಡಿ 20 ಹಾಕ್ರಿ, ಆಮ್ಯಾಲ ವಿಎಲ್ಯಾನ್ 1ರಿಂದ ಆ ಎರಡೂ ಪೋರ್ಟ್ ತಗೀರಿ. ಪಿವಿಐಡಿ ಬದಲು ಮಾಡೂಮಟ ಕೆಲವು ಸ್ವಿಚ್ ತಗ್ಯಾಕ ಬಿಡೂದಿಲ್ಲ. ಟ್ಯಾಗ್ಡ್ ಬೇಕಾಗಿದ್ದು ರೂಟರಿನ 1ನೇ ಪೋರ್ಟಿಗೆ: ಅಲ್ಲೆ 20 ಟ್ಯಾಗ್ಡ್, ವಿಎಲ್ಯಾನ್ 1 ಮೊದಲಿನಂಗ ಅನ್‌ಟ್ಯಾಗ್ಡ್. ರೂಟರಿನ್ಯಾಗೂ ವಿಎಲ್ಯಾನ್ 20 ಮಾಡಿ 192.168.20.1 ಕೊಟ್ಟು ಡಿಎಚ್‌ಸಿಪಿ (ಅಡ್ರೆಸ್ ತಾನ ಹಂಚೋ ಸೌಲತ್ತು) ಚಾಲೂ ಮಾಡಬೇಕು. ಇಂಟರ್ನೆಟ್ ಕೊಡಾವರು ಇಟ್ಟುಹೋದ ಸಣ್ಣ ರೂಟರಿಗೆ ಒಮ್ಮೊಮ್ಮೆ ವಿಎಲ್ಯಾನ್ ಸೌಲತ್ತ ಇರೂದಿಲ್ಲ, ಸ್ವಿಚ್ ಮುಟ್ಟೂಕಿಂತ ಮೊದ್ಲ ಅದನ್ನ ನೋಡ್ಕೋರಿ.

ನಿಮ್ಮ ಲ್ಯಾಪ್‌ಟಾಪ್ ಹಚ್ಚಿದ ಪೋರ್ಟ್ ಮುಟ್ಟಬ್ಯಾಡ್ರಿ, ಸ್ವಿಚ್ಚಿನ ಪೇಜ್ ತೆರಿಯೂದ ಬಂದ್ ಆಕ್ಕೈತಿ, ನಾನೂ ಒಮ್ಮೆ ಹಂಗ ಮಾಡ್ಕೊಂಡು ರೀಸೆಟ್ ಹೊಡದು ಎಲ್ಲಾ ಮೊದಲಿಂದ ಬರಕೋತ ಕುಂತಿದ್ದೆ. ಸೇವ್ ಮಾಡಿ ಕ್ಯಾಮೆರಾದ ವೈರ್ ತಗದು ಹೊಳ್ಳಿ ಹಾಕ್ರಿ. 192.168.20 ಬಂದ್ರ ಆತು, ಏನೂ ಬರಲಿಲ್ಲಂದ್ರ 1ನೇ ಪೋರ್ಟಿನ ಟ್ಯಾಗ್ ಇನ್ನೊಮ್ಮೆ ನೋಡ್ರಿ.