ಓದುಗರ ಪ್ರಶ್ನೆ, ತಜ್ಞರ ಉತ್ತರ: ಹ್ಯಾಮ್ ತಂಡಕ್ಕೆ ಜನ ಸೇರಿಸುವುದು

ಪ್ರಶ್ನೆ: ಮಳೆಗಾಲದಲ್ಲಿ ಗುಡ್ಡ ಜರಿದು ಮೊಬೈಲ್ ಟವರ್ ನಿಂತಾಗ ನೆರವಾಗಲೆಂದು ಹ್ಯಾಮ್ ರೇಡಿಯೊ (ಪರವಾನಗಿ ಪಡೆದ ಹವ್ಯಾಸಿಗಳು ನಡೆಸುವ ರೇಡಿಯೊ ಸಂಪರ್ಕ) ತಂಡ ಕಟ್ಟಿದ್ದೇವೆ. ಕಾಲೇಜಿನ ಪ್ರಾತ್ಯಕ್ಷಿಕೆಯ ದಿನ 30 ಮಂದಿ ಹೆಸರು ಬರೆಸಿದರು. ಆರು ತಿಂಗಳಲ್ಲಿ ನಾಲ್ವರು ಉಳಿದರು. ಏನು ಮಾಡಬೇಕು?
– ಓದುಗರು, ಕೊಡಗು

ಉತ್ತರ: ಹೆಸರು ಬರೆಸಿದ ದಿನಕ್ಕೂ ಕಾಲ್‌ಸೈನ್ (ಪರವಾನಗಿಯೊಡನೆ ಸಿಗುವ ಗುರುತಿನ ಹೆಸರು) ಕೈಗೆ ಬರುವ ದಿನಕ್ಕೂ ನಡುವೆ ಪರೀಕ್ಷೆ, ಅರ್ಜಿ, ಪರಿಶೀಲನೆ ಎಂದು ತಿಂಗಳುಗಳೇ ಕಳೆಯುತ್ತವೆ. ಆ ಹೊತ್ತಿನಲ್ಲಿ ಮಾಡಲು ಕೆಲಸವಿಲ್ಲದವರು ಬಿಟ್ಟು ಹೋಗುತ್ತಾರೆ. ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ, ಇದರಲ್ಲಿ ಸಡಿಲ ಬೇಡವೇ ಬೇಡ. ಆದರೆ ಕಂಬ ನಿಲ್ಲಿಸುವುದು, ಬ್ಯಾಟರಿ ಚಾರ್ಜ್ ನೋಡಿಕೊಳ್ಳುವುದು, ಲಾಗ್ ಬರೆಯುವುದು, ಬಂದ ಸಂದೇಶವನ್ನು ಪರಿಹಾರ ಕೇಂದ್ರಕ್ಕೆ ಮುಟ್ಟಿಸುವುದು, ಇದಕ್ಕೆಲ್ಲ ಪರವಾನಗಿ ಬೇಕಿಲ್ಲ. ಒಂದು ರೇಡಿಯೊ ಠಾಣೆಗೆ ಒಬ್ಬ ಆಪರೇಟರ್ ಇದ್ದರೆ ಜೊತೆಗೆ ಇಂಥ ಇಬ್ಬರು ಇರಲೇಬೇಕು. ಮೊದಲ ವಾರವೇ ಹೆಸರು ಹಿಡಿದು ಕೆಲಸ ಹಂಚಿಬಿಡಿ.

ಕಾಲೇಜೊಂದನ್ನೇ ನೆಚ್ಚಬೇಡಿ. ಓದು ಮುಗಿದೊಡನೆ ಹುಡುಗರು ಊರು ಬಿಡುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ನಿವೃತ್ತ ಸೈನಿಕರು ಬಹಳ. ಸಿಗ್ನಲ್ಸ್ ವಿಭಾಗದಲ್ಲಿದ್ದವರಿಗೆ ಚುಟುಕಾಗಿ, ಸ್ಪಷ್ಟವಾಗಿ ಮಾತಾಡುವ ಶಿಸ್ತು ಮೊದಲೇ ಇರುತ್ತದೆ. ಅವರೂ ಹ್ಯಾಮ್ ಪರೀಕ್ಷೆ ಬರೆಯಬೇಕು, ಅಷ್ಟೇ. ಎಲೆಕ್ಟ್ರಿಷಿಯನ್‌ಗಳು, ದಾರಿ ಬಲ್ಲ ಜೀಪು ಚಾಲಕರು ಊರಲ್ಲೇ ಇರುವವರು, ಅವರನ್ನು ಕೇಳಿ. ಪರೀಕ್ಷೆಗೆ 12 ವರ್ಷ ತುಂಬಿದವರು ಕೂರಬಹುದು. ಪರವಾನಗಿಯ ಆರಂಭಿಕ ಹಂತವಾದ ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆ ಸಂಕೇತ) ಬೇಡ ಎಂಬುದನ್ನು ಮೊದಲೇ ಹೇಳಿ, ಅನೇಕರು ಹಿಂಜರಿಯುವುದು ಅದಕ್ಕೇ.

ಇನ್ನೊಂದು ಮಾತು. ವಿಪತ್ತಿನಲ್ಲಿ ಹ್ಯಾಮ್‌ಗಳು ಮೂರನೆಯವರ ಸಂದೇಶ ಸಾಗಿಸಲು ನಿಯಮದಲ್ಲಿ ಅವಕಾಶವಿರುವುದು ಜಿಲ್ಲಾಧಿಕಾರಿಯಂಥ ಅಧಿಕಾರಿಗಳ ಸಂದೇಶಗಳಿಗೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮಳೆಗೆ ಮುಂಚೆಯೇ ಆ ಕಚೇರಿಯಲ್ಲಿ ನಿಮ್ಮವರ ಪಟ್ಟಿ ಕೊಟ್ಟಿಡಿ. ಯಾರ ಪರವಾಗಿ ದುಡಿಯುತ್ತಿದ್ದೇವೆ ಎಂಬುದು ಗೊತ್ತಿದ್ದವರು ನಿಲ್ಲುತ್ತಾರೆ.

ಪ್ರಶ್ನೆ: ನಮ್ಮ ಹ್ಯಾಮ್ ತಂಡದ ಅಭ್ಯಾಸದ ದಿನ ಹ್ಯಾಂಡಿ (ಕೈಯಲ್ಲಿ ಹಿಡಿಯುವ) ಸೆಟ್‌ಗಳು ಗುಡ್ಡದಾಚೆ ಕೇಳಿಸಲೇ ಇಲ್ಲ. ಹೊಸಬರು ಬೇಸತ್ತರು.
– ಓದುಗರು, ಚಿಕ್ಕಮಗಳೂರು

ಉತ್ತರ: 144–146 ಮೆಗಾಹರ್ಟ್ಸ್ ಅಲೆ ಹೆಚ್ಚುಕಡಿಮೆ ನೇರ ಸಾಗುತ್ತದೆ, 5 ವ್ಯಾಟ್ ಸೆಟ್ಟಿಗೆ ಗುಡ್ಡ ಅಡ್ಡ ಬಂದರೆ ಮುಗಿಯಿತು. ಹಗಲಲ್ಲಿ 7.1 ಮೆಗಾಹರ್ಟ್ಸ್ ಬಳಸಿ. ಎರಡು ತೋಳಿನ ತಂತಿ ಆಂಟೆನಾ, ಒಂದೊಂದು ತೋಳು ಸುಮಾರು 10 ಮೀಟರ್. 10.3ಕ್ಕೆ ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಎಂಬ ಅಳತೆ) ನೋಡುತ್ತ ಮೊಟಕುಗೊಳಿಸಿ. ಎತ್ತರ 3ರಿಂದ 5 ಮೀಟರ್ ಸಾಕು. ತಂತಿ ನೆಲಕ್ಕೆ ಹತ್ತಿರವಿದ್ದಾಗ ಅಲೆ ನೆಟ್ಟಗೆ ಮೇಲೇರಿ ಅಯಾನುಗೋಳಕ್ಕೆ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ತಾಗಿ ಸುತ್ತಲ ಕಣಿವೆಗಳಿಗೇ ಮರಳುತ್ತದೆ. ರಾತ್ರಿ ಅಯಾನುಗೋಳ ತೆಳುವಾಗಿ 7.1ರ ಅಲೆ ಮರಳದೆ ದಾಟಿಹೋಗುತ್ತದೆ. ಆಗ 3.6 ಮೆಗಾಹರ್ಟ್ಸ್, ತೋಳು ಸುಮಾರು 20 ಮೀಟರ್. ಯಾರ ಪರವಾನಗಿಯಲ್ಲಿ ಈ ಬ್ಯಾಂಡ್ (ತರಂಗಾಂತರ ಪಟ್ಟಿ) ಇದೆಯೋ ಅವರೇ ಮೈಕ್ ಹಿಡಿಯಲಿ.

ಅಭ್ಯಾಸ ಕೆಡುವುದು ಹೆಚ್ಚಾಗಿ ಬ್ಯಾಟರಿಯಿಂದ. 100 ವ್ಯಾಟ್ ಸೆಟ್ ಪೂರ್ಣ ಪ್ರಸಾರದಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. 25 ವ್ಯಾಟ್‌ಗೆ ಇಳಿಸಿದರೆ 10 ಆಂಪಿಯರ್ ಎಂದಿಟ್ಟುಕೊಳ್ಳಿ, ಆಲಿಸುವಾಗ 1. ಗಂಟೆಗೆ 12 ನಿಮಿಷ ಮಾತಾಡಿದರೆ ಸುಮಾರು 3 ಆಂಪಿಯರ್-ಗಂಟೆ ಖರ್ಚು. ಯುಪಿಎಸ್‌ನ 7 ಆಂಪಿಯರ್-ಗಂಟೆ ಬ್ಯಾಟರಿ ಎರಡೂವರೆ ಗಂಟೆಯೂ ಬಾರದು, ಎಂಟು ಗಂಟೆಗೆ ಕನಿಷ್ಠ 26ರದು ಬೇಕು. ತಂತಿಯೂ ದಪ್ಪವಿರಲಿ. 1.5 ಚದರ ಮಿಲಿಮೀಟರ್ ತಂತಿ 3 ಮೀಟರ್ ಎಳೆದು 20 ಆಂಪಿಯರ್ ಹರಿಸಿದರೆ ಹೋಗಿಬರುವ ದಾರಿಯಲ್ಲೇ ಸುಮಾರು 1.4 ವೋಲ್ಟ್ ಕಳೆದು, ಮೈಕ್ ಒತ್ತಿದಾಗಲೆಲ್ಲ ಸೆಟ್ ಆರುತ್ತದೆ. ಹೊಸಬರು ಸೆಟ್ಟೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ನೆಟ್ (ಎಲ್ಲರೂ ರೇಡಿಯೊದಲ್ಲಿ ಸೇರುವ ಕೂಟ) ನಡೆಸಿ. ರೋಲ್ ಕಾಲ್ ಆದಮೇಲೆ ಪ್ರತಿಯೊಬ್ಬರಿಂದ ಒಂದು ಬರಹದ ಸಂದೇಶ ರವಾನೆಯಾಗಲಿ: ಕ್ರಮಸಂಖ್ಯೆ, ಯಾರಿಂದ, ಯಾರಿಗೆ, ವೇಳೆ, ಪದಗಳ ಎಣಿಕೆ, ವಿಷಯ. ಕೇಳಿಸಿಕೊಂಡವರು ಅದನ್ನು ಓದಿ ಹೇಳಬೇಕು. ಎಣಿಕೆ ತಾಳೆಯಾಗದಿದ್ದರೆ ಮತ್ತೆ ಕೇಳಿ. ‘ಹದಿನೈದು ಹೊದಿಕೆ’ ‘ಐದು’ ಆಗುವುದು ಇಲ್ಲಿಯೇ.