ಪಾಲಿಕೆಯ ಕಾನೂನು ಶಾಖೆಯಲ್ಲಿ ಸಹಾಯಕರ ಕೆಲಸ ನಿಜಕ್ಕೂ ಹೇಗಿರುತ್ತದೆ?

ಎಲ್‌ಎಲ್‌ಬಿ ಮುಗಿಸಿದ್ದೀರಿ. ನಿಮ್ಮೂರಿನ ಮಹಾನಗರ ಪಾಲಿಕೆಯ ಕಾನೂನು ಶಾಖೆಯಲ್ಲಿ ಹೊರಗುತ್ತಿಗೆ ಮೇಲೆ ಸಹಾಯಕರ ಕೆಲಸ ಸಿಕ್ಕಿದೆ. ಸೇರಿದರೆ ಏನಾದರೂ ಕಲಿಯಬಹುದಾ, ಇಲ್ಲ ಸುಮ್ನೆ ಕಡತ ಹೊತ್ತು ತಿರುಗುವುದಾ ಅಂತ ಕೇಳಿದ್ದೀರಿ. ನಾನು ಇಂಥದೇ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸೇರಿ ಅಂತಲೇ ಹೇಳುತ್ತೇನೆ. ಕಡತ ಹೊರುವುದೂ ಇದೆ, ಕಲಿಕೆ ಶುರುವಾಗುವುದೂ ಅಲ್ಲಿಂದಲೇ.

ವಾದ ಮಾಡುವವರು ಪ್ಯಾನಲ್ ವಕೀಲರು, ಅಂದರೆ ಪಾಲಿಕೆ ತನ್ನ ಕೇಸುಗಳಿಗೆ ಗೊತ್ತುಮಾಡಿಕೊಂಡ ವಕೀಲರು. ಸಹಿ ಹಾಕುವವರು ಆಯುಕ್ತರು ಅಥವಾ ಕಾನೂನು ಅಧಿಕಾರಿ. ಆದರೆ ವಕೀಲರ ಕೈಗೆ ಸರಿಯಾದ ಕಾಗದ ಸರಿಯಾದ ದಿನ ಸೇರಿತೋ ಇಲ್ಲವೋ ಅನ್ನುವುದು ನಿಮ್ಮ ಮೇಲಿರುತ್ತದೆ. ಪಾಲಿಕೆ ಕೇಸು ಸೋಲುವುದು ಕಾನೂನು ಗೊತ್ತಿಲ್ಲದ್ದಕ್ಕಿಂತ ಜಾಸ್ತಿ ಇಲ್ಲಿಯೇ.

ಒಂದು ಉದಾಹರಣೆ ಹೇಳುತ್ತೇನೆ. ಬಡಾವಣೆಯಲ್ಲಿ ಯಾರೋ ಮಂಜೂರಾದ ನಕ್ಷೆ ಮೀರಿ ಇನ್ನೊಂದು ಮಹಡಿ ಏರಿಸುತ್ತಾರೆ. ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರ ಕಲಂ 321ರ ಪ್ರಕಾರ ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆ ಕಾರಣ ಕೇಳುವ ನೋಟಿಸ್, ಆಮೇಲೆ ಅಂತಿಮ ಆದೇಶ ಆಗಬೇಕು. ಅಷ್ಟರಲ್ಲಿ ಮಾಲೀಕರು ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಿರುತ್ತಾರೆ. ಈಗ ವಕೀಲರಿಗೆ ಮಂಜೂರಾತಿ ನಕ್ಷೆ ಬೇಕು, ಸ್ಥಳ ತನಿಖೆ ವರದಿ ಬೇಕು, ಮಹಜರು (ಸಾಕ್ಷಿಗಳ ಎದುರು ಸ್ಥಳದಲ್ಲೇ ಬರೆದ ದಾಖಲೆ) ಬೇಕು, ನೋಟಿಸ್ ಮಾಲೀಕರಿಗೆ ಮುಟ್ಟಿದ್ದಕ್ಕೆ ಸ್ವೀಕೃತಿ ಬೇಕು. ನಕ್ಷೆ ನಗರ ಯೋಜನಾ ಶಾಖೆಯಲ್ಲಿರುತ್ತದೆ. ನೋಟಿಸ್ ವಲಯ ಕಚೇರಿಯಲ್ಲಿ. ತೆರಿಗೆ ದಾಖಲೆ ಕಂದಾಯ ಶಾಖೆಯಲ್ಲಿ. ನೋಟಿಸನ್ನು ಗೋಡೆಗೆ ಅಂಟಿಸಿದ್ದೇವೆ ಅಂತ ಬಾಯಲ್ಲಿ ಹೇಳುತ್ತಾರೆ, ಸಾಕ್ಷಿಗಳ ಸಹಿ ಕೇಳಿದರೆ ಇರುವುದಿಲ್ಲ. ಈ ಕೊರತೆಯನ್ನು ಕೋರ್ಟಿಗಿಂತ ಮೊದಲು ಕಂಡುಹಿಡಿಯುವವರು ನೀವಾಗಬೇಕು. ದಾವೆ ಬರುವ ಸೂಚನೆ ಮೊದಲೇ ಸಿಕ್ಕರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 148ಎ ಅಡಿ ಕೇವಿಯಟ್, ಅಂದರೆ ‘ನಮಗೂ ತಿಳಿಸಿ’ ಅನ್ನುವ ಮುನ್ನರ್ಜಿ, ಹಾಕಿಸಲು ಟಿಪ್ಪಣಿ ಮಂಡಿಸಿ. ಅದು 90 ದಿನ ಜಾರಿಯಲ್ಲಿರುತ್ತದೆ, ಪಾಲಿಕೆಯ ಮಾತು ಕೇಳದೆ ತಡೆಯಾಜ್ಞೆ ಆಗುವುದನ್ನು ತಪ್ಪಿಸುತ್ತದೆ.

ದಾವೆಯ ಪ್ರತಿ ಬಂದ ಮೇಲೆ ಕಂಡಿಕೆವಾರು ಉತ್ತರ ತರಿಸಬೇಕು. ಲಿಖಿತ ಹೇಳಿಕೆಗೆ (ದಾವೆಗೆ ಪಾಲಿಕೆ ಕೋರ್ಟಿಗೆ ಕೊಡುವ ಉತ್ತರ) 30 ದಿನ, ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಶಾಖೆಗಳಿಗೆ ಬರೀ ಜ್ಞಾಪನ ಕಳಿಸಿ ಕೂತರೆ ಉತ್ತರ ಬರುವುದಿಲ್ಲ. ಎದ್ದು ಹೋಗಿ ವಿಷಯ ನಿರ್ವಾಹಕರ (ಆ ಕಡತ ನೋಡಿಕೊಳ್ಳುವ ನೌಕರರ) ಪಕ್ಕ ಕೂತು ಬರೆಸಿಕೊಳ್ಳಿ. ಅವರಿಗೂ ಹತ್ತಾರು ತಲೆನೋವು ಇರುತ್ತದೆ, ಅಲ್ವಾ? ಗೌರವದಿಂದ ಕೇಳಿದರೆ ಕೊಡುತ್ತಾರೆ. ಕಡತ ಟೇಬಲ್ಲಿಂದ ಟೇಬಲ್ಲಿಗೆ ತಿರುಗುತ್ತಿತ್ತು, ಅದಕ್ಕೇ ತಡವಾಯಿತು ಅನ್ನುವ ಕಾರಣವನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಮತ್ತು ಲಿವಿಂಗ್ ಮೀಡಿಯಾ ನಡುವಿನ ಕೇಸಿನಲ್ಲಿ ಒಪ್ಪಲಿಲ್ಲ. ಅಲ್ಲಿ ಆಗಿದ್ದ ವಿಳಂಬ 427 ದಿನ. ಆ ತೀರ್ಪನ್ನು ಸೇರಿದ ಮೊದಲ ವಾರವೇ ಓದಿ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಕೊಡುವುದು ಮುಗಿದುಹೋದ ಕೇಸುಗಳು. ಹೈಕೋರ್ಟಿನಲ್ಲಿ ಎಷ್ಟೋ ರಿಟ್ ಅರ್ಜಿಗಳು ‘ಅರ್ಜಿದಾರರ ಮನವಿಯನ್ನು ಇಷ್ಟು ವಾರದೊಳಗೆ ಪರಿಗಣಿಸಿ’ ಅನ್ನುವ ಆದೇಶದೊಂದಿಗೆ ಇತ್ಯರ್ಥವಾಗುತ್ತವೆ. ರಿಜಿಸ್ಟರಿನಲ್ಲಿ ‘ವಿಲೇ’ ಅಂತ ಬರೆದು ಮುಚ್ಚಿಬಿಡುತ್ತಾರೆ. ಆದರೆ ಪಾಲಿಕೆಯ ಕೆಲಸ ಅವತ್ತು ಶುರುವಾಗಿರುತ್ತದೆ! ಪೌರಕಾರ್ಮಿಕರೊಬ್ಬರ ಬಾಕಿ ಸಂಬಳವೋ, ವಿಧವೆಯೊಬ್ಬರ ಹೆಸರಿಗೆ ಖಾತೆ ಬದಲಾವಣೆಯೋ ಆ ಆದೇಶದಲ್ಲಿ ಇರುತ್ತದೆ. ಗಡುವು ದಾಟಿದರೆ ಆಯುಕ್ತರ ಮೇಲೆ ನ್ಯಾಯಾಂಗ ನಿಂದನೆ ಅರ್ಜಿ ಬರಬಹುದು. ಅದಕ್ಕಿಂತ ಮುಖ್ಯ, ಗೆದ್ದವರು ಮತ್ತೆ ಅಲೆಯಬೇಕಾಗುತ್ತದೆ. ಹಾಗಾಗಿ ಇತ್ಯರ್ಥವಾದ ಕೇಸುಗಳಿಗೆ ಬೇರೆ ಪಟ್ಟಿ ಇಡಿ. ಆದೇಶದ ದಿನ, ದೃಢೀಕೃತ ಪ್ರತಿ ಬಂದ ದಿನ, ಗಡುವು, ಯಾವ ಶಾಖೆ ಏನು ಮಾಡಬೇಕು, ಮೇಲ್ಮನವಿ ಹೋಗುವುದಾದರೆ ಕೊನೆಯ ದಿನ ಯಾವುದು, ಎಲ್ಲ ಅದರಲ್ಲಿರಲಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರತಿ ಕೇಸಿಗೂ ಕೊಡುವ 16 ಅಂಕಿ-ಅಕ್ಷರಗಳ ಗುರುತಿನ ಸಂಖ್ಯೆ (ಸಿಎನ್‌ಆರ್) ಹಾಕಿದರೆ ಜಿಲ್ಲಾ ಕೋರ್ಟಿನ ಮುಂದಿನ ದಿನಾಂಕ ಸಿಗುತ್ತದೆ. ಆದರೆ ಯಾವ ಜಾಲತಾಣವೂ ಪಾಲಿಕೆ ಒಳಗಿನ ಗಡುವನ್ನು ನೆನಪಿಸುವುದಿಲ್ಲ.

ಭಾಷೆಯ ಕೆಲಸವೂ ಬಹಳ ಇದೆ. ಮಹಜರು, ನೋಟಿಸ್, ಸಭೆಯ ನಡಾವಳಿ ಎಲ್ಲ ಕನ್ನಡದಲ್ಲಿರುತ್ತವೆ. ಹೈಕೋರ್ಟಿಗೆ ಇಂಗ್ಲಿಷ್ ಅನುವಾದ ಬೇಕು. ಸರ್ವೆ ನಂಬರ್, ಚಕ್ಕುಬಂದಿ (ಜಾಗದ ನಾಲ್ಕು ದಿಕ್ಕಿನ ಗಡಿ) ಬರೆಯುವಾಗ ಒಂದು ದಿಕ್ಕು ತಪ್ಪಿದರೂ ಎದುರಿನ ವಕೀಲರು ಬಿಡುವುದಿಲ್ಲ.

ಜನ ನಿಮ್ಮ ಮೇಜಿನ ಹತ್ತಿರ ಬಂದು ‘ನಾನು ಕೇಸು ಹಾಕಲಾ, ಹೇಗೆ ಮಾಡಲಿ?’ ಅಂತ ಕೇಳುತ್ತಾರೆ. ನೀವು ಪಾಲಿಕೆಯ ಪರ ಕೆಲಸ ಮಾಡುವವರು, ಸಲಹೆ ಕೊಡುವ ಹಾಗಿಲ್ಲ. ಹಾಗಂತ ಬರಿಗೈಲಿ ಕಳಿಸಬೇಡಿ. ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ ಅಂತ ಹೇಳಿ. ಅಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಅಲ್ಲಿನ ಅರೆ ಕಾನೂನು ಸ್ವಯಂಸೇವಕರು ಅರ್ಜಿ ಬರೆಯಲೂ ಸಹಾಯ ಮಾಡುತ್ತಾರೆ.

ಇನ್ನು ನೌಕರಿಯ ಮಾತು. ಮುಂದೆ ಖಾಯಂ ಮಾಡುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಕರ್ನಾಟಕದಿಂದಲೇ ಹೋದ ಉಮಾದೇವಿ ಕೇಸಿನಲ್ಲಿ, ತಾತ್ಕಾಲಿಕವಾಗಿ ದುಡಿದ ಮಾತ್ರಕ್ಕೆ ಖಾಯಂ ಆಗುವ ಹಕ್ಕು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ನೇಮಕಾತಿ ಪರೀಕ್ಷೆಗಳಿಗೆ ಓದುವುದನ್ನು ನಿಲ್ಲಿಸಬೇಡಿ. ನೀವು ಈಗಾಗಲೇ ವಕೀಲಿಕೆಯ ಸನ್ನದು ಪಡೆದಿದ್ದರೆ, ಪೂರ್ತಿ ದಿನದ ಸಂಬಳದ ಕೆಲಸಕ್ಕೆ ಸೇರುವ ಮುಂಚೆ ರಾಜ್ಯ ಬಾರ್ ಕೌನ್ಸಿಲ್‌ಗೆ ತಿಳಿಸಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಬೇಕು. ಏಜೆನ್ಸಿ ಪಿಎಫ್ ಕಟ್ಟುತ್ತದಾ, ಸಂಬಳ ಯಾವ ದಿನ ಕೊಡುತ್ತದೆ ಅನ್ನುವುದನ್ನು ಕರಾರಿನಲ್ಲಿ ಓದಿಯೇ ಸಹಿ ಹಾಕಿ, ಒಂದು ಪ್ರತಿ ಮನೆಗೆ ತನ್ನಿ.