ಗಡಿಯಾರದ ಹಿಂದಿನ ಮಣ್ಣುಗೂಡು

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ 'ಇರುವೆಗಳೂ ಕಣಜದ ವಂಶವೇ' ಅಂತ ಒಂದೇ ಸಾಲು ಬರೆದು ಮುಗಿಸಿದ್ದೀರಿ. ಸಕ್ಕರೆ ಡಬ್ಬಿಗೆ ಮುತ್ತುವ ಇರುವೆಗೂ ಹಾರಿ ಬಂದು ಕುಟುಕುವ ಕಣಜಕ್ಕೂ ಎತ್ತಣಿಂದೆತ್ತ ಸಂಬಂಧ? ಇನ್ನೊಂದು ವಿಷಯ. ನಮ್ಮ ಗೋಡೆ ಗಡಿಯಾರದ ಹಿಂದೆ ಕಣಜವೊಂದು ಮಣ್ಣಿನ ಗೂಡು ಕಟ್ಟಿದೆ. ಅದು ಹಸಿರು ಹುಳ ತಂದು ಒಳಗಿಟ್ಟು, ಗುಂಯ್ ಅಂತ ಮಂತ್ರ ಹೇಳಿ ಹುಳವನ್ನೇ ಕಣಜ ಮಾಡುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ನಿಜವೇ? ಗೂಡು ಕೆಡವಬಹುದೇ?" (ಸಾಗರದ ಓದುಗರೊಬ್ಬರು)

ಸಂಪಾದಕರ ಉತ್ತರ:

ನಮಸ್ಕಾರ. ತಪ್ಪು ನಮ್ಮದೇ. ಅಷ್ಟು ದೊಡ್ಡ ಮಾತು ಹೇಳಿ ಒಂದೇ ಸಾಲಿನಲ್ಲಿ ಜಾರಿಕೊಳ್ಳಬಾರದಿತ್ತು.

ಅಜ್ಜಿಯಿಂದಲೇ ಶುರು ಮಾಡೋಣ. ಅವರು ಕಣ್ಣಾರೆ ಕಂಡದ್ದರಲ್ಲಿ ಸುಳ್ಳಿಲ್ಲ. ಕಣಜ ಹುಳ ತರುತ್ತದೆ, ಗೂಡಿನ ಬಾಯಿಗೆ ಮಣ್ಣು ಮೆತ್ತುತ್ತದೆ. ಕೆಲವು ವಾರ ಬಿಟ್ಟು ಅದೇ ಗೂಡಿನಿಂದ ಕಣಜ ಹೊರಗೆ ಬರುತ್ತದೆ. ಒಡೆದು ನೋಡದವರಿಗೆ ಇನ್ನೇನು ಅನ್ನಿಸೀತು? ಗುರು ಶಿಷ್ಯನನ್ನು ತನ್ನಂತೆಯೇ ಮಾಡುತ್ತಾನೆ ಎನ್ನಲು ಹಿರಿಯರು ಹೇಳುವ 'ಕೀಟ ಭ್ರಮರ ನ್ಯಾಯ'ದ ಬೇರು ಇಲ್ಲೇ ಇದೆ. ಗುಂಯ್ ಸದ್ದೂ ನಿಜ. ಹಸಿ ಮಣ್ಣು ಮೆತ್ತುವಾಗ ಇಂಥ ಕಣಜಗಳು ಮೈ ಅದುರಿಸುತ್ತವೆ. ಅಜ್ಜಿಗೆ ಮಂತ್ರವಾಗಿ ಕೇಳಿಸಿದ್ದು ಗಾರೆ ಕೆಲಸದ ಸದ್ದು.

ಹೋದ ವರ್ಷ ನಮ್ಮ ಕಚೇರಿಯ ಕಿಟಕಿಯಲ್ಲಿದ್ದ ಇಂಥದ್ದೇ ಒಂದು ಗೂಡನ್ನು ಬ್ಲೇಡಿನಿಂದ ಬಿಡಿಸಿ ನೋಡಿದೆ. ಒಳಗೆ ಹಸಿರು ಹುಳ ಇರಲಿಲ್ಲ. ಜೇಡಗಳು! ಉಪ್ಪಿನಕಾಯಿ ಭರಣಿಗೆ ಮಿಡಿ ತುಂಬಿದ ಹಾಗೆ ಒತ್ತಿ ತುರುಕಿದ್ದ ಹನ್ನೊಂದು ಜೇಡಗಳು. ಸತ್ತಿವೆ ಅಂದುಕೊಂಡು ಗುಂಡುಸೂಜಿಯಿಂದ ಮುಟ್ಟಿದೆ. ಒಂದರ ಕಾಲು ಮೆಲ್ಲಗೆ ಅಲುಗಿತು. ಇನ್ನೊಂದರ ಹೊಟ್ಟೆಗೆ ಪುಟ್ಟ ಬಿಳಿ ಮೊಟ್ಟೆ ಅಂಟಿತ್ತು, ಬಾಳೆಹಣ್ಣಿನ ಹಾಗೆ ಸ್ವಲ್ಪ ಬಾಗಿದ್ದು. ಕೊಂದು ತಂದರೆ ಕೊಳೆಯುತ್ತದೆ, ಹಾಗೇ ತಂದರೆ ಓಡಿಹೋಗುತ್ತದೆ. ಅದಕ್ಕೇ ತಾಯಿ ಕುಟುಕಿ, ಲಕ್ವ ಹೊಡೆಸಿ ತಂದಿಡುತ್ತಾಳೆ. ಮರಿ ಹುಟ್ಟಿದ ಕೂಡಲೇ ತಾಜಾ ಊಟ. ಅಜ್ಜಿಯ ಹುಳದ ಗತಿಯೂ ಇದೇ.

ಹಸಿರು ಹುಳ ತರುವುದು ಬೇರೆ ಕಣಜ. ಅದನ್ನು ಕುಂಬಾರ ಕಣಜ ಅನ್ನೋಣ. ಅದು ಖಾಲಿ ಕೋಣೆಯ ಮಾಡಿಗೆ ಮೊದಲು ಒಂದು ಎಳೆಯಲ್ಲಿ ಮೊಟ್ಟೆಯನ್ನು ತೂಗುಬಿಡುತ್ತದೆ, ಆಮೇಲೆ ಹುಳ ತುಂಬುತ್ತದೆ. ಎರಡೂ ಮಣ್ಣಿನ ಗೂಡೇ, ಎರಡೂ ಕಣಜವೇ. ಅಣ್ಣತಮ್ಮಂದಿರು ಅಂತ ಯಾರಾದರೂ ಹೇಳಿಯಾರು. ಅಲ್ಲ! 2013ರಲ್ಲಿ ಇವುಗಳ ಜೀನ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೇರೆಯದೇ ವಂಶವೃಕ್ಷ ಕಂಡಿತು. ಜೇಡ ಹಿಡಿಯುವ ಕಣಜ ಜೇನುನೊಣದ ಕುಲದ್ದು. ಆ ಕುಲದ ಅತಿ ಹತ್ತಿರದ ದಾಯಾದಿ ಇರುವೆ. ಕುಂಬಾರ ಕಣಜ ದೂರದ ನೆಂಟ. ಅಂದರೆ ನಮ್ಮ ಕಿಟಕಿಯ ಕಣಜಕ್ಕೆ ನಿಮ್ಮ ಹಸಿರು ಹುಳದ ಕಣಜಕ್ಕಿಂತ ಸಕ್ಕರೆ ಡಬ್ಬಿಯ ಇರುವೆಯೇ ಹತ್ತಿರದ ಬಳಗ.

ನಂಬೋದು ಕಷ್ಟ, ಅಲ್ವಾ? ಮೊದಲ ಮಳೆಯ ಹೊತ್ತಿಗೆ ದೀಪಕ್ಕೆ ಬರುವ ರೆಕ್ಕೆಯ ಇರುವೆಯನ್ನು ಹತ್ತಿರದಿಂದ ನೋಡಿ. ಸಣ್ಣ ಸೊಂಟ, ನಾಲ್ಕು ರೆಕ್ಕೆ, ಪೂರಾ ಕಣಜದ ಆಕಾರ. ರೆಕ್ಕೆ ಇರುವುದು ರಾಣಿಗೂ ಗಂಡಿಗೂ ಮಾತ್ರ. ಜೋಡಿಯಾದ ಮೇಲೆ ರಾಣಿ ತನ್ನ ರೆಕ್ಕೆಯನ್ನು ತಾನೇ ಕಳಚಿ ಮಣ್ಣಿಗಿಳಿಯುತ್ತಾಳೆ. (ಈಸಲು ಹುಳ ಮಾತ್ರ ಇರುವೆಯಲ್ಲ. ಅದು ಗೆದ್ದಲು, ಜಿರಳೆಯ ಬಳಗ. 'ಬಿಳಿ ಇರುವೆ' ಅನ್ನೋದು ಸುಮ್ನೆ ಬಂದ ಹೆಸರು.) ಕೊಂಡಿಯ ಕತೆಯೂ ಹಾಗೇ. ಅದು ಮೂಲದಲ್ಲಿ ಮೊಟ್ಟೆಯಿಡುವ ನಳಿಕೆ, ಅದಕ್ಕೇ ಕುಟುಕುವುದೆಲ್ಲ ಹೆಣ್ಣುಗಳೇ. ಹಲವು ಇರುವೆಗಳಿಗೆ ಈಗಲೂ ಕೊಂಡಿ ಇದೆ. ನೀವು ಮಲೆನಾಡಿನವರು, ಚಗಳಿ (ಮರದ ಕೆಂಪಿರುವೆ) ಚಟ್ನಿ ಗೊತ್ತಿರುತ್ತದೆ. ಚಗಳಿಯಂಥವು ಕೊಂಡಿ ಕಳೆದುಕೊಂಡು ಆಸಿಡ್ ಚಿಮ್ಮಿಸುವುದನ್ನು ಕಲಿತವು. ಚಟ್ನಿಯ ಹುಳಿ ಅದೇ.

ಕಲ್ಲಾದ ಸಾಕ್ಷಿಯೂ ಇದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಸಿಕ್ಕ, ಸುಮಾರು 9 ಕೋಟಿ ವರ್ಷ ಹಳೆಯ ಮರದ ಅಂಟಿನೊಳಗೆ ಒಂದು ಕೀಟವಿತ್ತು. ದವಡೆ ಕಣಜದ್ದು, ಎದೆಯ ಪಕ್ಕದ ಗ್ರಂಥಿ ಇರುವೆಗಳಿಗಷ್ಟೇ ಇರುವಂಥದ್ದು. 1967ರಲ್ಲಿ ಅದಕ್ಕೆ ಸ್ಫೆಕೋಮಿರ್ಮಾ ಎಂದು ಹೆಸರಿಟ್ಟರು. ಅರ್ಥ 'ಕಣಜ ಇರುವೆ'.

ಒಂಟಿಯಾಗಿ ಗೂಡು ಕಟ್ಟುವ ಕಣಜ ತಾಯಿಯಿಂದ ಇರುವೆಗಳಂಥ ದೊಡ್ಡ ಸಂಸಾರ ಹೇಗೆ ಬಂತು? ಗೂಡಿಗೆ ಊಟ ತರುವ ತಾಯಿಯ ಜೊತೆ ಮಗಳು ಉಳಿದುಕೊಂಡದ್ದರಿಂದ. ಯಾಕೆ ಉಳಿದಳು ಅನ್ನೋದೇ ಕಗ್ಗಂಟು. ಈ ಬಳಗದಲ್ಲಿ ಗಂಡಿಗೆ ಅಪ್ಪನಿಲ್ಲ, ಫಲವಾಗದ ಮೊಟ್ಟೆಯೇ ಗಂಡಾಗುತ್ತದೆ. ಹಾಗಾಗಿ ಅಪ್ಪನ ಜೀನ್‌ಗಳೆಲ್ಲ ಪ್ರತಿ ಮಗಳಿಗೂ ಇಡಿಯಾಗಿ ಹೋಗುತ್ತವೆ, ಒಂದೇ ಅಪ್ಪನ ಅಕ್ಕತಂಗಿಯರು ಮುಕ್ಕಾಲು ಪಾಲು ಜೀನ್ ಹಂಚಿಕೊಂಡಿರುತ್ತಾರೆ, ಸ್ವಂತ ಮಗಳ ಜೊತೆ ಅರ್ಧ ಮಾತ್ರ. ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದು ಲಾಭ ಎಂಬ ಲೆಕ್ಕ 1964ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಹ್ಯಾಮಿಲ್ಟನ್ ಕೊಟ್ಟದ್ದು. ಲೆಕ್ಕ ಚೆಂದ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಾಗದಗೂಡಿನ ಕಣಜದಲ್ಲಿ ನೋಡಿದಾಗ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡಿರುತ್ತಾಳೆ, ರಾಣಿಯರೂ ಬದಲಾಗುತ್ತಿರುತ್ತಾರೆ. ಮುಕ್ಕಾಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇನ್ನೂ ಮಜಾ ಎಂದರೆ ಆ ರಾಣಿ ಯಾರ ಮೇಲೂ ಜೋರು ಮಾಡುವವಳಲ್ಲ. ಅವಳನ್ನು ಎತ್ತಿಟ್ಟರೆ ನಿಮಿಷಗಳಲ್ಲಿ ಕೆಲಸದವಳೊಬ್ಬಳು ಎಲ್ಲರ ಮೇಲೆ ಏರಿಹೋಗಲು ಶುರು ಮಾಡುತ್ತಾಳೆ. ಒಂದು ವಾರದ ಹೊತ್ತಿಗೆ ಮೊಟ್ಟೆಯಿಟ್ಟು, ಅವಳೂ ಸಾಧುವಾಗುತ್ತಾಳೆ. ಹಾಗೆ ನೋಡಿದರೆ ಉಳಿದ ಮಗಳು ಬರೀ ತ್ಯಾಗಿಯಲ್ಲ. ಅವಳಿಗೂ ಸರದಿಯ ಆಸೆ ಇದೆ ಅಂತ ನನಗನ್ನಿಸುತ್ತದೆ.

ಇನ್ನು ನಿಮ್ಮ ಗೂಡು. ಇಂಥ ಒಂಟಿ ಕಣಜಗಳು ಗೂಡು ಕಾಯುತ್ತಾ ಮೈಮೇಲೆ ಬೀಳುವುದಿಲ್ಲ, ಕೈಯಲ್ಲಿ ಹಿಡಿದರೆ ಮಾತ್ರ ಕುಟುಕಿಯಾವು. ಗೂಡಿನಲ್ಲಿ ದುಂಡಗಿನ ತೂತು ಇದ್ದರೆ ಮರಿ ಹೋಗಿಯಾಗಿದೆ, ಚಾಕುವಿನಿಂದ ಕೆರೆದು ತೆಗೆಯಿರಿ. ಬಾಯಿ ಮುಚ್ಚಿದ್ದರೆ ಸ್ವಲ್ಪ ದಿನ ಗಡಿಯಾರ ಅಲ್ಲೇ ಇರಲಿ. ತೆಗೆದಾಗ ಒಳಗೆ ಜೇಡದ ಚೂರು ಸಿಕ್ಕಿತೋ, ಹುಳದ್ದೋ, ಒಂದು ಕಾರ್ಡು ಹಾಕಿ.